ಕೆಟ್ಟ ಪ್ರತಿ

ಕುಂಚದ ಅಂಟು ಒಣಗುತ್ತಿದ್ದರೂ ಬೈಂಡಿಂಗ್ ಅಕ್ಕನ ಕಣ್ಣು ಪುಟ ಬಿಟ್ಟು ಮೇಲೇಳಲಿಲ್ಲ. ಬೆಳಿಗ್ಗೆಯಿಂದ ಈ ಪ್ರೇಮಕಾದಂಬರಿಯನ್ನು ಅವಳು ಆಡಿಕೊಂಡಿದ್ದೇ ಆಡಿಕೊಂಡಿದ್ದು. "ಮುತ್ತಿಲ್ಲ, ಮತ್ತಿಲ್ಲ, ಮಾತೆತ್ತಿದ್ರೆ ಪ್ರಾರ್ಥನೆ! ಹುಡುಗಿ ಒಪ್ಪಲಿ ಅಂತ ಯೇಸುಸ್ವಾಮಿ ಕೈಲಿ ಶಿಫಾರಸು ಮಾಡಿಸೋನೂ ಒಬ್ಬ ಗಂಡಸಾ?"

ಈಗ, ಹೊಲಿದ ಪ್ರತಿ ತಾನಾಗಿ ತೆರೆದುಕೊಂಡ ಪುಟದಲ್ಲಿ, ಆ ಗಂಡಸು ಹುಡುಗಿಯ ಮುಚ್ಚಿದ ಬಾಗಿಲ ಮುಂದೆ ಮೊಣಕಾಲೂರಿದ್ದ. "ಸ್ವಾಮಿ, ನಾನು ಬೇಡ ಎಂದೇ ಅವಳ ಮನಸ್ಸಿದ್ದರೆ, ಅದನ್ನು ಹೇಳುವ ಧೈರ್ಯ ಅವಳಿಗೆ ಕೊಡು" ಎಂದು ಬೇಡಿ, ಬಾಗಿಲು ತಟ್ಟದೆಯೇ ಎದ್ದು ಹೋದ. ದೇವರನ್ನೇ ನಂಬದ ಅಕ್ಕ ಆ ಪ್ರಾರ್ಥನೆಯನ್ನು ಮತ್ತೊಮ್ಮೆ ಓದಿದಳು. "ಭಲೇ ತಾಯಿ, ಬರೆದ್ರೆ ಹೀಗೆ ಬರೀಬೇಕು" ಎಂದು ಕಾಣದ ಲೇಖಕಿಗೆ ಗೊಣಗಿದಳು.

"ಏನಕ್ಕಾ, ನೀವೂ ಪ್ರಾರ್ಥನೆಗೆ ಕೂತ್ರಾ?" ಪ್ರೆಸ್ಸಿನ ಯಜಮಾನ ಬಾಗಿಲಿಂದಲೇ ಕಿಚಾಯಿಸಿದ.

"ಥೂ, ಈ ಹಾಳು ಪುಸ್ತಕ ಯಾರು ಓದ್ತಾರೆ!"

ಕಟ್ಟುವಾಗ ಕೆಟ್ಟ ಪ್ರತಿ ಮಾರಾಟಕ್ಕಿಲ್ಲ, ಅದು ಕಟ್ಟಿದವರಿಗೇ ಎಂಬುದು ಆ ಪ್ರೆಸ್ಸಿನ ರೂಢಿ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪ್ರತಿಯನ್ನೂ ಕೆಡಿಸದಿದ್ದ ಅಕ್ಕ ಕುಂಚವನ್ನು ಮತ್ತೆ ಅಂಟಿಗದ್ದಿದಳು. ಪುಸ್ತಕದ ಬೆನ್ನಿಗೆ ಸವರಿ, ಮುಖಪುಟವನ್ನು ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ, ತಲೆಕೆಳಗಾಗಿ ಅಂಟಿಸಿದಳು.