ಬೀಗ ಒಪ್ಪಿದ ಕ್ಷಮಾಪಣೆ

ಊರಿನ ಎಲ್ಲ ಮನೆಗಳಂತೆ ಚನ್ನಕೇಶವನ ಮನೆಯ ಬಾಗಿಲೂ, ಜಗಳವಾಡಿ ಹೊರಗೆ ಹೋದವರು ಕ್ಷಮಾಪಣೆಯ ಫೈಲು ಕಳಿಸದೆ ತೆರೆಯುತ್ತಿರಲಿಲ್ಲ. ಫೈಲನ್ನು ಓದಿ, ಮಾತು ನಿಗದಿತ ಮಾದರಿಗೆ ಹೊಂದುತ್ತದೆಯೇ ಎಂದು ನೋಡುವುದು ಬೀಗದೊಳಗಿನ ಲುವಾ ಎಂಬ ಕಂಪ್ಯೂಟರ್ ಭಾಷೆಯ ಪುಟ್ಟ ಪ್ರೋಗ್ರಾಂ. ಅದನ್ನು ಬರೆದವನು ಚನ್ನಕೇಶವನೇ. ಆ ಬಗ್ಗೆ ಅವನಿಗೆ ಜಂಬವೂ ಇತ್ತು.

ಹೆಂಡತಿ ಲಲಿತಾಂಬಳ ಹೊಲಿಗೆ ಯಂತ್ರವನ್ನು ಅವಳನ್ನು ಕೇಳದೆ ತನ್ನ ತಂಗಿಗೆ ಕೊಟ್ಟಿದ್ದ. ಅದಕ್ಕೇ ಜಗಳವಾಗಿ ಹೊರಬಂದವನು ಈಗ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಬರೆದ: ‘ನಿನ್ನ ಯಂತ್ರ ಕೊಟ್ಟೆ, ಆದರೆ ನೀನೆಲ್ಲಿ ಹೊಲಿಯುತ್ತಿದ್ದೆ, ತಪ್ಪಾಯಿತು.’

ಬೀಗದಲ್ಲಿ ಕೆಂಪು ದೀಪ ಹತ್ತಿತು. ಮಾದರಿಯಲ್ಲಿ ‘ಆದರೆ’ಗೆ ಜಾಗವಿರಲಿಲ್ಲ.

ಆಗ ನೆನಪಾಯಿತು. ಮಾದರಿಯ ತುದಿಗೆ, ಮಾತು ಇಲ್ಲಿಗೇ ಮುಗಿಯಬೇಕು ಎಂದು ಹೇಳುವ ಡಾಲರ್ ಚಿಹ್ನೆ ಹಾಕುವುದನ್ನು ಅವನು ಮರೆತಿದ್ದ. ಹಾಗಾಗಿ ‘ತಪ್ಪಾಯಿತು’ ಸಿಕ್ಕಿದ ಮೇಲೆ ಏನು ಬರೆದರೂ ಪ್ರೋಗ್ರಾಂ ನೋಡುತ್ತಿರಲಿಲ್ಲ. ‘ಆದರೆ’ಯನ್ನು ಎತ್ತಿ ಕೊನೆಗಿಟ್ಟ. ಜಾಗ ಧಾರಾಳವಾಗಿದೆಯೆಂದು ಅವಳ ಅಣ್ಣನ ಮೇಲಿದ್ದ ಹಳೆಯ ದೂರನ್ನೂ ಸೇರಿಸಿದ.

ಹಸಿರು ದೀಪ ಹತ್ತಿ ಬೀಗ ತೆರೆಯಿತು. ಬಾಗಿಲು ಮಾತ್ರ ನಾಲ್ಕು ಬೆರಳು ಸರಿದು ಒಳಗಿನ ಸರಪಳಿಗೆ ಸಿಕ್ಕಿ ನಿಂತಿತು. ಸಂದಿಯಲ್ಲಿ ಲಲಿತಾಂಬ, ತನಗೂ ಬಂದಿದ್ದ ಆ ಫೈಲನ್ನು ಮೊಬೈಲಿನಲ್ಲಿ ತೆರೆದು ಹಿಡಿದು ನಿಂತಿದ್ದಳು.

“ನಿಮ್ಮ ಬೀಗ ‘ತಪ್ಪಾಯಿತು’ ಅನ್ನೋವರೆಗೆ ಮಾತ್ರ ಓದುತ್ತೆ ರೀ,” ಎಂದಳು. “ನಾನು ಕೊನೇವರೆಗೂ ಓದ್ತೀನಿ.”