ಹೊಳೆ ನಿಂತ ಕಲ್ಲು

"ಹೊಳಿ ಈ ಕಲ್ಲು ದಾಟಿ ಮ್ಯಾಲ ಬಂದಿಲ್ರಿ ಮೇಡಂ, ಯಾರನ್ನರ ಕೇಳ್ರಿ," ಎಂದ ಯಂಕೇಶ. ಸ್ಥಳ ನೋಡಲು ಬಂದ ಅಧಿಕಾರಿ ಹೇಮಾ, ಅರಿಶಿನ ಕುಂಕುಮ ಮೆತ್ತಿದ ಕಲ್ಲನ್ನು ಬಗ್ಗಿ ನೋಡಿದಳು. ತುಂಗಭದ್ರೆಯ ನೆರೆ ಏರಿ ನಿಂತಲ್ಲಿ ಊರವರು ನೆಟ್ಟು ಪೂಜಿಸುವ ಕಲ್ಲದು. ಹೊಳೆದಂಡೆಯಲ್ಲಿ ಮನೆ ಕಟ್ಟುವಂತಿಲ್ಲ. ನೆರೆ ಮುಟ್ಟದ ಜಾಗಕ್ಕಷ್ಟೇ ವಿನಾಯಿತಿ. ಯಂಕೇಶ ಪಾಯಕ್ಕೆ ಎಳೆದ ಸುಣ್ಣದ ಗೆರೆ ಕಲ್ಲಿಗಿಂತ ಮೇಲಿತ್ತು. ನಿನ್ನೆ ಕತ್ತಲಾಗುತ್ತಲೇ ಅವನೇ ಆ ಕಲ್ಲನ್ನು ಕಿತ್ತು ಕೆಳಗೆ ತಂದು ನೆಟ್ಟಿದ್ದ.

ಹೇಮಾ ಪೆನ್ನು ತೆಗೆದಳು. ಅಷ್ಟರಲ್ಲಿ ಅವನ ಅವ್ವ ಮುದಕಮ್ಮ ತಟ್ಟೆಯಲ್ಲಿ ಖಣ, ತೆಂಗಿನಕಾಯಿ ಹಿಡಿದು ಬಂದಳು. ಮನೆಗೆ ಕೈ ಹಾಕುವ ಮೊದಲು ಹೊಳೆತಾಯಿ ಗಂಗವ್ವನ ಉಡಿ ತುಂಬಲೇಬೇಕೆಂಬುದು ಅವಳ ಹಟ.

"ಅವ್ವಾ, ಕಲ್ಲು ಇಲ್ಲೈತಿ," ಎಂದು ಯಂಕೇಶ ಕಲ್ಲಿನತ್ತ ಕೈ ತೋರಿದ.

ಮುದಕಮ್ಮ ಅತ್ತ ನೋಡಲೂ ಇಲ್ಲ. ಸುಣ್ಣದ ಗೆರೆಗಳನ್ನೆಲ್ಲ ದಾಟಿ, ಮೇಲಿನ ಬೇವಿನ ಗಿಡದ ಬುಡಕ್ಕೆ ಹೋದಳು. ಹೊಸದಾಗಿ ಮುಚ್ಚಿದ ಮಣ್ಣಿಗೆ ಕುಂಕುಮ ಹಚ್ಚಿ, ಖಣ ಇಟ್ಟು, ಸೆರಗೊಡ್ಡಿ ಕೈಮುಗಿದಳು.

"ಕಲ್ಲು ಯಾರ ಕಿತ್ತಾರೋ ಏನೋ. ನಮ್ಮ ಗಂಗವ್ವ ಬಂದು ನಿಂತದ್ದಂತೂ ಇಲ್ಲೇ," ಎಂದವಳು ಮಗನತ್ತ ತೆಂಗಿನಕಾಯಿ ಚಾಚಿದಳು. "ಬಾರೋ ಯಂಕ್ಯಾ, ಒಡಿ."