ಪರದೆಯಲ್ಲಿ ನಿಂತುಹೋದ ವರ

ನಾಲ್ಕು ಗಂಟೆಯ ಹೊತ್ತಿಗೆ ಫೋನಿನಲ್ಲಿ ಡೇಟಾ ಎಷ್ಟು ಉಳಿದೀತು? ಸುಕನ್ಯಾ ಮುಂಜಾನೆಯಿಂದ ತನ್ನೊಳಗೇ ಕೇಳಿಕೊಳ್ಳುತ್ತಿದ್ದುದು ಇದೊಂದೇ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಡಿಗ್ರಿ ಮುಗಿಸಿದ್ದರೂ ಅವಳ ಮಾತೆಲ್ಲ ಡೈರಿಗೆ. ಮಂದಿಗೆ ಬರೀ ತಲೆಯಾಡಿಸುವುದು.

ನಾಲ್ಕಕ್ಕೆ ಲಿಂಗಸುಗೂರಿನವರು ವಿಡಿಯೋ ಕಾಲಿನಲ್ಲಿ ಕನ್ಯಾ ನೋಡುವವರಿದ್ದರು. ಹುಡುಗ ಹುಲಿಗೇಶ, ಸರ್ಕಾರಿ ನೌಕರಿ. ಸಂಬಂಧ ತಂದವಳು ಮಸ್ಕಿಯ ಚಿಗವ್ವ ರೇಣುಕಮ್ಮ. ಫೋನಿನಲ್ಲಿ ಒಪ್ಪಿದರೆ ಮಾತ್ರ ಅವರು ಇವರ ಊರು ತುರ್ವಿಹಾಳಕ್ಕೆ ಬರುವುದೆಂದು ಮಾತಾಗಿತ್ತು.

"ಅಲ್ಲಿ ಓಣಿ ಮಂದಿ ಎಲ್ಲಾ ಕೂಡಿರ್ತಾರ. ನಾಕು ಮಾತು ಆಡ್ಬೇಕು, ಒಂದು ಹಾಡು ಹೇಳ್ಬೇಕು. ಗೊಂಬಿ ಹಂಗ ಕುಂದ್ರಬ್ಯಾಡ," ಎಂದಳು ರೇಣುಕಮ್ಮ.

ಸುಕನ್ಯಾ ತಲೆಯಾಡಿಸಿದಳು.

ಮನೆಯಲ್ಲಿ ದೊಡ್ಡ ಫೋನು ಅವಳದೊಂದೇ. ಅಣ್ಣ ವೀರೇಶ ತನ್ನದನ್ನು ಹಿಡಿದು ಸಿಂಧನೂರಿಗೆ ಹೋಗಿದ್ದ. ಇದ್ದೊಂದು ಫೋನೂ ಅಜ್ಜಿ ಗದ್ದೆಮ್ಮನ ಕೈಯಲ್ಲಿತ್ತು. ಭಜನೆ, ಅಡುಗೆ, ಕೋಳಿ ಜಗಳ, ಒಂದರ ಹಿಂದೊಂದು ವಿಡಿಯೋ. ಸುಕನ್ಯಾ ಬೇಡವೆನ್ನಲಿಲ್ಲ. ಸೀರೆ ಉಡುವಾಗಲೂ ಎರಡೆರಡು ಸಲ ಹೊರಬಂದು ಪರದೆ ನೋಡಿ ಹೋದಳು.

ನಾಲ್ಕಕ್ಕೆ ವಿಡಿಯೋ ಕಾಲ್ ಬಂತು. ಹುಲಿಗೇಶನ ಮುಖ ಮೂಡಿತು. ಅರೆಗಣ್ಣು, ಅರೆಬಾಯಿ. ಅಷ್ಟಕ್ಕೇ ನಿಂತಿತು.

"ನೋಡು, ಹೆಣ್ಣಮಕ್ಕಳ ಕಡಿ ಕಣ್ಣೆತ್ತಿ ನೋಡವಲ್ಲ. ಎಂಥಾ ಮರ್ಯಾದಸ್ಥ!" ರೇಣುಕಮ್ಮ ಹಿಗ್ಗಿದಳು.

ಗದ್ದೆಮ್ಮ ಬಗ್ಗಿ ನೋಡಿದಳು. "ಮಿಸುಕವಲ್ಲ ಬೇ. ಜೀವ ಐತಿಲ್ಲೋ?"

ಕಾಲ್ ತಾನೇ ಕಟ್ಟಾಯಿತು. ಇವತ್ತಿನ ಡೇಟಾ ಮುಗಿದಿದೆ, ಇನ್ನು ವೇಗ ಕಡಿಮೆ ಎಂದು ಸಂದೇಶ ಬಂತು. ಸುಕನ್ಯಾ ಉದ್ದಕ್ಕೆ ಉಸಿರುಬಿಟ್ಟಳು. ರೀಚಾರ್ಜ್ ಮಾಡಿಸಲು ಅವ್ವ ತನ್ನ ಬಟನ್ ಫೋನಿನಿಂದ ವೀರೇಶನಿಗೆ ಹಚ್ಚಿದಳು, ಅವನು ಎತ್ತಲಿಲ್ಲ. ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು.

"ಮೊಮ್ಮಗಳ ಲಗ್ನಕ್ಕಿಂತ ಕೋಳಿ ಜಗಳ ಹೆಚ್ಚಾತೇನ್ರಿ ಅತ್ತಿ?"

"ನಾ ಎಲ್ಲಿ ಬೇಡಿದ್ನೆ? ಅಕಿನ ನನ್ನ ಕೈಯಾಗ ಇಟ್ಲು," ಎಂದಳು ಗದ್ದೆಮ್ಮ. ಯಾರೂ ನಂಬಲಿಲ್ಲ.

ಫೋನು ಮತ್ತೆ ಟಿಣ್ ಎಂದಿತು. ವಿಡಿಯೋ ಬಾರದಿದ್ದರೂ ಅಕ್ಷರಗಳು ತೆವಳಿಕೊಂಡು ಬರುತ್ತಿದ್ದವು. ಲಿಂಗಸುಗೂರಿನಿಂದ. ರೇಣುಕಮ್ಮ ಕಸಿದುಕೊಂಡು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು:

"ಸುಕನ್ಯಾ ಅವರೇ, ನಿಮ್ಮದು ತಪ್ಪಲ್ಲ. ಓಣಿ ಮಂದಿ ಮುಂದ ಮಾತಾಡಾಕ ನನಗ ಅಂಜಿಕಿ. ಅದಕ್ಕ ಮುಂಜಾನಿಂದ ಕುಸ್ತಿ ವಿಡಿಯೋ ಹಚ್ಚಿಟ್ಟು, ನನ್ನ ಡೇಟಾ ನಾನ ಖಾಲಿ ಮಾಡೀನಿ. ಕ್ಷಮಿಸ್ರಿ. ಹುಲಿಗೇಶ."

ರೇಣುಕಮ್ಮ ಸಿಡಿದಳು. "ಕನ್ಯಾ ನೋಡು ಅಂದ್ರ ಡೇಟಾ ಸುಟ್ಟು ಕುಂತಾನ! ಇಂಥಾ ಪುಕ್ಕಲಗ ಯಾರು ಹೆಣ್ಣು ಕೊಡ್ತಾರ? ಈಗ ಫೋನ್ ಹಚ್ಚಿ ಬ್ಯಾಡ ಅಂತ ಹೇಳಿಬಿಡ್ತೀನಿ."

ಅವಳು ಅವ್ವನ ಬಟನ್ ಫೋನು ಎತ್ತಿಕೊಂಡಳು. ಸುಕನ್ಯಾ ಎದ್ದುನಿಂತಳು. ಎಲ್ಲರೂ ಅವಳು ತಲೆಯಾಡಿಸುವುದನ್ನೇ ಕಾದರು.

"ಬ್ಯಾಡ ಅನಬ್ಯಾಡ ಚಿಗವ್ವಾ, ಮುಂಜಾನಿಂದ ಅಜ್ಜಿ ಕೈಯಾಗ ಫೋನ್ ಕೊಟ್ಟು ನಾನೂ ಅದನ್ನ ಮಾಡೀನಿ, ನನಗ ಈ ಹುಡುಗನ ಬೇಕು."